ಗೋಡೆಗೆ ಕಡುನೀಲಿ ಬಣ್ಣ: ಶೇಡ್ ಆರಿಸುವಲ್ಲಿಂದ ಕೊನೆಯ ಕೋಟ್‌ವರೆಗೆ

“ಹಾಲ್‌ನ ಒಂದು ಗೋಡೆಗೆ ಕಡುನೀಲಿ ಹೊಡೆಸಬೇಕು ಅಂತ ಬಹಳ ದಿನದ ಆಸೆ. ಮನೆ ಕತ್ತಲಾಗಿಬಿಡುತ್ತಾ? ಪೇಂಟರ್ ಬೇಡ ಅಂತಿದ್ದಾರೆ.” ಮನೆಯ ಬಣ್ಣದ ಬಗ್ಗೆ ಏನೇ ಬರೆದರೂ ಓದುಗರಿಂದ ಈ ಪ್ರಶ್ನೆ ಬಂದೇ ಬರುತ್ತದೆ. ಹೊಡೆಸಿಯಾದ ಮೇಲೆ ಬರೆಯುವವರದು ಬೇರೆ ಗೋಳು: ಗೋಡೆಯೆಲ್ಲ ಪಟ್ಟೆ ಪಟ್ಟೆ ಕಾಣುತ್ತಿದೆ, ಉಗುರು ತಾಗಿದರೂ ಬಿಳಿ ಗೀರು ಬೀಳುತ್ತಿದೆ, ಶೇಡ್ ಕಾರ್ಡ್‌ನಲ್ಲಿ ನೀಲಿಯಾಗಿದ್ದದ್ದು ಮನೆಯಲ್ಲಿ ಕಪ್ಪಾಗಿದೆ.

ಇವಕ್ಕೆಲ್ಲ ಉತ್ತರ ಒಂದೇ ಕಡೆ ಸಿಗಲಿ ಎಂದು ಈ ಲೇಖನ. ಮೊದಲೇ ಹೇಳಿಬಿಡುತ್ತೇನೆ: ಕಡುನೀಲಿ ಕೆಟ್ಟು ಕಾಣುವ ಮನೆಗಳಲ್ಲಿ ಹೆಚ್ಚಿನ ಕಡೆ ಗೋಡೆ ಹದವಾಗಿರುವುದಿಲ್ಲ, ಇಲ್ಲವೇ ಬೆಳಕಿನ ಲೆಕ್ಕ ತಪ್ಪಿರುತ್ತದೆ. ತಿಳಿ ಬಣ್ಣ ಗೋಡೆಯ ತಪ್ಪುಗಳನ್ನು ಮುಚ್ಚಿಕೊಳ್ಳುತ್ತದೆ, ಗಾಢ ಬಣ್ಣ ಒಂದನ್ನೂ ಬಿಡದೆ ತೋರಿಸುತ್ತದೆ. ಆದ್ದರಿಂದ ಬಣ್ಣ ಬಳಿಯುವ ದಿನಕ್ಕಿಂತ ಅದರ ಹಿಂದಿನ ಕೆಲಸಕ್ಕೇ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ. ನೀವೇ ಬ್ರಷ್ ಹಿಡಿದರೂ ಸರಿ, ಪೇಂಟರ್ ಕೈಲಿ ಮಾಡಿಸಿದರೂ ಸರಿ, ಹಂತಗಳು ಇವೇ.

ಶುರು ಮಾಡುವ ಮುನ್ನ ಎರಡು ಮಾತು. ಬಾಡಿಗೆ ಮನೆಯಾಗಿದ್ದರೆ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಮನೆ ಬಿಡುವಾಗ ಬಣ್ಣದ ಖರ್ಚೆಂದು ಅಡ್ವಾನ್ಸ್‌ನಲ್ಲಿ ಹಿಡಿದುಕೊಳ್ಳುವುದು ಬೆಂಗಳೂರಿನಲ್ಲಿ ರೂಢಿ. ಕಡುನೀಲಿಯ ಮೇಲೆ ಮತ್ತೆ ಬಿಳಿ ತರಲು ಖರ್ಚು ಇನ್ನೂ ಹೆಚ್ಚಾಗುವುದರಿಂದ ಆ ಹೊತ್ತಿಗೆ ಜಗಳ ಬೇಡ. ಎರಡನೆಯದು, ಮನೆಯ ಹಿರಿಯರು. ಕಪ್ಪಿಗೆ ಹತ್ತಿರದ ಬಣ್ಣ ಮನೆಯೊಳಗೆ ಬೇಡ ಎನ್ನುವವರು ಬಹಳ ಮನೆಗಳಲ್ಲಿದ್ದಾರೆ. ಡಬ್ಬ ತಂದ ಮೇಲೆ ವಾದ ಮಾಡುವ ಬದಲು, ಎರಡನೇ ಹಂತದಲ್ಲಿ ಹೇಳುವ ಹಲಗೆಯನ್ನು ಒಂದು ವಾರ ಅವರ ಕಣ್ಣಿಗೆ ಬೀಳುವಂತೆ ಇಡಿ. ಹೆಸರು ಕೇಳಿ ಬೇಡ ಅಂದವರು ಕಣ್ಣಾರೆ ನೋಡಿ ಒಪ್ಪಬಹುದು. ಒಪ್ಪದಿದ್ದರೆ ನಿಮ್ಮ ಮಲಗುವ ಕೋಣೆ ಇದ್ದೇ ಇದೆ.

ಹಂತ 1: ಗೋಡೆ ಆರಿಸಿ

ಬಣ್ಣದ ಮೇಲೆ ಬಿದ್ದ ಬೆಳಕಿನಲ್ಲಿ ಎಷ್ಟು ಪಾಲು ವಾಪಸು ಬರುತ್ತದೆ ಎಂಬುದಕ್ಕೆ ಒಂದು ಅಳತೆ ಇದೆ. ಶೇಡ್ ಕಾರ್ಡ್‌ಗಳಲ್ಲಿ ಅದನ್ನು ಎಲ್‌ಆರ್‌ವಿ ಎನ್ನುತ್ತಾರೆ. ಸೊನ್ನೆಯೆಂದರೆ ಬೆಳಕನ್ನೆಲ್ಲ ನುಂಗುವ ಕಪ್ಪು, 100 ಎಂದರೆ ಎಲ್ಲವನ್ನೂ ಮರಳಿಸುವ ಬಿಳಿ. ಒಳ್ಳೆಯ ಬಿಳಿ ಬಣ್ಣ 80ರ ಮೇಲಿರುತ್ತದೆ. ಕಡುನೀಲಿಗಳು ಹೆಚ್ಚಾಗಿ 10ರ ಕೆಳಗೆ. ಅಂದರೆ ಕಡುನೀಲಿ ಹೊಡೆದ ಗೋಡೆಯಿಂದ ಕೋಣೆಗೆ ಬೆಳಕಿನ ನೆರವು ಸಿಗುವುದಿಲ್ಲ ಎಂದೇ ಲೆಕ್ಕ ಹಾಕಿಕೊಳ್ಳಿ. ಉಳಿದ ಮೂರು ಗೋಡೆ ಮತ್ತು ಚಾವಣಿ ಆ ಕೆಲಸ ಮಾಡಬೇಕು.

ಹೀಗಾಗಿ ಮೊದಲ ಸಲ ಹೊಡೆಸುವವರಿಗೆ ನನ್ನ ಸಲಹೆ ಒಂದೇ ಗೋಡೆ. ಯಾವ ಗೋಡೆ ಎಂಬುದು ಮುಖ್ಯ. ಕಿಟಕಿ ಇರುವ ಗೋಡೆ ಬೇಡ. ಹಗಲಿನಲ್ಲಿ ಕಿಟಕಿಯಿಂದ ಬರುವ ಬೆಳಕು ಕಣ್ಣಿಗೆ ಹೊಡೆಯುತ್ತದೆ, ಸುತ್ತಲಿನ ನೀಲಿ ಪೂರಾ ಕಪ್ಪಾಗಿ ಕಾಣುತ್ತದೆ. ಕಿಟಕಿಗೆ ಎದುರಿನ ಗೋಡೆ ಅಥವಾ ಪಕ್ಕದ ಗೋಡೆಯಾದರೆ ಬೆಳಕು ಅದರ ಮೇಲೆ ಬೀಳುತ್ತದೆ, ನೀಲಿ ನೀಲಿಯಾಗಿಯೇ ಕಾಣುತ್ತದೆ.

ಮಂಚದ ತಲೆದೆಸೆಯ ಗೋಡೆ ಎಲ್ಲಕ್ಕಿಂತ ಸುರಕ್ಷಿತ ಆಯ್ಕೆ: ಮಲಗಿದಾಗ ಕಣ್ಣಿಗೆ ಬೀಳುವುದಿಲ್ಲ, ಒಳಗೆ ಬರುವಾಗ ಚೆನ್ನಾಗಿ ಕಾಣುತ್ತದೆ, ಓಡಾಟದ ಕೈ ತಾಗುವುದಿಲ್ಲ. ಟಿವಿ ಹಿಂದಿನ ಗೋಡೆಯೂ ಹೊಂದುತ್ತದೆ. ಟಿವಿ ಆರಿಸಿದಾಗ ಕಪ್ಪು ಪರದೆ ಎದ್ದು ಕಾಣದೆ ಗೋಡೆಯಲ್ಲೇ ಸೇರಿಹೋಗುತ್ತದೆ. ಅಡುಗೆಮನೆಗೆ ಮಾತ್ರ ನಾನು ಬೇಡ ಎನ್ನುತ್ತೇನೆ. ಒಗ್ಗರಣೆಯ ಎಣ್ಣೆ ಹಬೆ ಕಡುನೀಲಿಯ ಮೇಲೆ ಮಸುಕು ಪದರವಾಗಿ ಕೂರುತ್ತದೆ, ಒರೆಸಿದಷ್ಟೂ ಹರಡುತ್ತದೆ. ಕಿರಿದಾದ ನಡುಮನೆ, ಮೆಟ್ಟಿಲ ಪಕ್ಕದ ಗೋಡೆಗಳಲ್ಲಿ ಕೈ, ಚೀಲ, ಸೈಕಲ್ ಹ್ಯಾಂಡಲ್ ಎಲ್ಲ ತಾಗುವುದರಿಂದ ಅಲ್ಲೂ ಯೋಚಿಸಿ.

ಇಡೀ ಗೋಡೆಗೆ ಧೈರ್ಯ ಬರದಿದ್ದರೆ ಇನ್ನೆರಡು ದಾರಿಗಳಿವೆ. ಒಂದು, ಗೋಡೆಗೂಡು ಅಥವಾ ಪುಸ್ತಕದ ಕಪಾಟಿನ ಒಳಬೆನ್ನಿಗೆ ಮಾತ್ರ ನೀಲಿ. ಇನ್ನೊಂದು, ಹಳೇ ಶಾಲೆ ಕಚೇರಿಗಳಲ್ಲಿ ನೋಡಿರುವಂತೆ ನೆಲದಿಂದ ಮೂರೂವರೆ ಅಡಿವರೆಗೆ ಗಾಢ ಬಣ್ಣ, ಮೇಲೆ ಕೆನೆಬಿಳಿ. ಚಾವಣಿ ತಗ್ಗಾಗಿರುವ ಮನೆಗೆ ಈ ಅರ್ಧ ಗೋಡೆಯ ಪದ್ಧತಿ ಚೆನ್ನಾಗಿ ಒಪ್ಪುತ್ತದೆ.

ಮಲೆನಾಡು, ಕರಾವಳಿಯ ಹಳೆಯ ಮನೆಯವರಿಗೆ ಒಂದು ಎಚ್ಚರಿಕೆ. ಮಣ್ಣಿನ ಗೋಡೆ ಅಥವಾ ಸುಣ್ಣದ ಗಾರೆಯ ಗೋಡೆ ತೇವವನ್ನು ಹೀರಿ ಹೊರಬಿಡುತ್ತಲೇ ಇರುತ್ತದೆ. ಅದರ ಮೇಲೆ ಎಮಲ್ಷನ್, ಅಂದರೆ ನೀರಿನಲ್ಲಿ ಕಲಸುವ ಪ್ಲಾಸ್ಟಿಕ್ ಅಂಶದ ಬಣ್ಣ, ಹೊಡೆದರೆ ಉಸಿರು ಕಟ್ಟಿದಂತಾಗಿ ಒಂದೆರಡು ಮಳೆಗಾಲದಲ್ಲಿ ಹಕ್ಕಳೆ ಏಳುತ್ತದೆ. ಅಂಥ ಮನೆಯಲ್ಲಿ ಗೋಡೆಯನ್ನು ಸುಣ್ಣಕ್ಕೇ ಬಿಟ್ಟು, ಬಾಗಿಲು, ಕಿಟಕಿ ರೆಕ್ಕೆ, ಮರದ ಕಪಾಟಿಗೆ ಕಡುನೀಲಿ ಕೊಡಿ. ಕೆಂಪು ಗಾರೆ ನೆಲ, ಬಿಳಿ ಗೋಡೆ, ನೀಲಿ ಬಾಗಿಲು ಸೇರಿದರೆ ಬಲು ಅಂದ.

ಹಂತ 2: ಶೇಡ್ ಆರಿಸಿ, ಅದೂ ಮನೆಯಲ್ಲಿ

ಕಡುನೀಲಿ ಎಂದರೆ ಒಂದೇ ಬಣ್ಣವಲ್ಲ. ಕಪ್ಪು ಬೆರೆತ ನೇವಿ, ಬೂದು ಬೆರೆತ ಸ್ಲೇಟ್ ನೀಲಿ, ನೇರಳೆಗೆ ವಾಲಿದ ಇಂಡಿಗೊ, ಹಸಿರಿಗೆ ವಾಲಿದ ನವಿಲು ನೀಲಿ, ಇವೆಲ್ಲ ಕಾರ್ಡ್‌ನಲ್ಲಿ ಪಕ್ಕಪಕ್ಕದಲ್ಲೇ ಇರುತ್ತವೆ. ಒಂದು ಬೆರಳಗಲದ ಚೌಕ ನೋಡಿ ಇವುಗಳ ನಡುವೆ ತೀರ್ಮಾನಿಸಲು ಆಗುವುದಿಲ್ಲ. ಮೊಬೈಲ್ ಪರದೆಯ ಬಣ್ಣವನ್ನಂತೂ ನಂಬಲೇಬೇಡಿ.

ಮೂರು ಶೇಡ್‌ಗೆ ಇಳಿಸಿಕೊಂಡು ಪ್ರತಿಯೊಂದರ ಸ್ಯಾಂಪಲ್ ಡಬ್ಬ ತನ್ನಿ. ದೊಡ್ಡ ಕಂಪನಿಗಳು 200 ಮಿಲಿಯಂಥ ಚಿಕ್ಕ ಡಬ್ಬ ಕೊಡುತ್ತವೆ. ಅದನ್ನು ಗೋಡೆಗೆ ಬಳಿಯಬೇಡಿ. ಎರಡಡಿ ಉದ್ದಗಲದ ತೆಳು ಪ್ಲೈವುಡ್ ಅಥವಾ ದಪ್ಪ ರಟ್ಟಿಗೆ ಬಿಳಿ ಪ್ರೈಮರ್, ಅಂದರೆ ಬಣ್ಣಕ್ಕೂ ಮೊದಲಿನ ತಳಕೋಟ್, ಹೊಡೆದು, ಒಣಗಿದ ಮೇಲೆ ಎರಡು ಕೋಟ್ ಬಳಿಯಿರಿ. ಅಂಚಿನಲ್ಲಿ ಬಿಳಿ ಬಿಡಬೇಡಿ, ಪಕ್ಕದ ಬಿಳಿ ಕಣ್ಣಿಗೆ ಮೋಸ ಮಾಡುತ್ತದೆ. ಹಲಗೆಯಾದರೆ ಬೇಕಾದ ಗೋಡೆಗೆ ಒರಗಿಸಬಹುದು, ಸೋಫಾ ಪಕ್ಕ ಇಟ್ಟು ನೋಡಬಹುದು.

ಬೆಳಗ್ಗೆ ಎಂಟು, ಮಧ್ಯಾಹ್ನ, ಸಂಜೆ ದೀಪ ಹಚ್ಚಿದ ಮೇಲೆ, ಮೂರೂ ಹೊತ್ತಿನಲ್ಲಿ ನೋಡಿ. ಉತ್ತರದ ಕಿಟಕಿಯ ಕೋಣೆಗೆ ಹೆಚ್ಚಾಗಿ ನೇರ ಬಿಸಿಲಿಲ್ಲದ ತಣ್ಣನೆ ಬೆಳಕು. ಅಲ್ಲಿ ಬೂದು ಬೆರೆತ ನೀಲಿ ಇನ್ನೂ ಮಂಕಾಗುತ್ತದೆ, ಸ್ವಲ್ಪ ನೇರಳೆ ಛಾಯೆ ಇರುವುದು ಜೀವ ತುಂಬುತ್ತದೆ. ಪಶ್ಚಿಮದ ಕೋಣೆಯಲ್ಲಿ ಸಂಜೆಯ ಹೊಂಬಿಸಿಲು ನೇವಿಯ ಮೇಲೆ ಬಿದ್ದರೆ ನೋಡುವುದೇ ಚಂದ.

ಈಗ ದೀಪದ ವಿಷಯ. ಬಲ್ಬ್ ಡಬ್ಬದ ಮೇಲೆ 2700ಕೆ, 4000ಕೆ, 6500ಕೆ ಎಂದು ಬರೆದಿರುತ್ತದೆ. ಕೆ ಎಂದರೆ ಕೆಲ್ವಿನ್, ಬೆಳಕಿನ ಬಣ್ಣದ ಅಳತೆ. 2700–3000 ಹಳದಿ ಬೆಳಕು, 6500 ನಮ್ಮ ಮಾಮೂಲು ಟ್ಯೂಬ್‌ಲೈಟಿನ ಬಿಳಿ. ಹಳದಿ ಬೆಳಕಿನಲ್ಲಿ ನೀಲಿಯ ಅಂಶ ಕಡಿಮೆ, ಆದ್ದರಿಂದ ಅದರಡಿ ಕಡುನೀಲಿ ಕಪ್ಪಿನತ್ತ ಜಾರುತ್ತದೆ. 6500ರಡಿ ನೀಲಿ ಎದ್ದು ಕಾಣುತ್ತದೆ, ಆದರೆ ಆಸ್ಪತ್ರೆಯ ಕಳೆ ಬರುತ್ತದೆ. ಕೋಣೆಯ ಮುಖ್ಯ ದೀಪಕ್ಕೆ 4000ಕೆ, ಮೂಲೆಯ ನಿಲುವುದೀಪಕ್ಕೆ ಹಳದಿ, ಇದು ನನಗೆ ಸರಿಯೆನಿಸಿದ ಜೋಡಿ. ಸಿಆರ್‌ಐ 90 ಅಥವಾ ಹೆಚ್ಚು ಎಂದಿರುವ ಬಲ್ಬ್ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಎಂಬುದರ ಅಂಕ ಅದು. ಒಂದು 20 ವ್ಯಾಟ್ ಎಲ್‌ಇಡಿ ಟ್ಯೂಬ್‌ನಲ್ಲಿ ನಡೆಯುತ್ತಿದ್ದ ಕೋಣೆಗೆ ಕಡುನೀಲಿ ಬಂದ ಮೇಲೆ ಇನ್ನೊಂದು ದೀಪ ಬೇಕಾಗುತ್ತದೆ. ಅದರ ವೈರಿಂಗ್ ಈಗಲೇ ಮುಗಿಸಿ. ಬಣ್ಣವಾದ ಮೇಲೆ ಗೋಡೆ ಕೊರೆಯುವಂತಾಗಬಾರದು.

ಹಂತ 3: ಬಣ್ಣ ಕೊಳ್ಳುವಾಗ

ಅಂಗಡಿಯ ಮೆಷಿನ್‌ನಲ್ಲಿ ಬಣ್ಣ ಬೆರೆಸುವಾಗ ಮೊದಲಿಗೆ ಇರುವುದು ಬೇಸ್. ಬೇಸ್ ಎಂದರೆ ಬಣ್ಣ ಸೇರಿಸದ ಮೂಲ ದ್ರವ. ತಿಳಿ ಶೇಡ್‌ಗೆ ಬಿಳಿ ಬೇಸ್: ಅದರಲ್ಲಿ ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿ ತುಂಬಿರುತ್ತದೆ, ಹಿಂದಿನ ಬಣ್ಣವನ್ನು ಮುಚ್ಚುವ ಶಕ್ತಿ ಅದರದ್ದೇ. ಗಾಢ ಶೇಡ್‌ಗೆ ಆ ಬಿಳಿ ಪುಡಿ ಇಲ್ಲದ, ಅಥವಾ ತೀರಾ ಕಡಿಮೆ ಇರುವ ಬೇಸ್ ಬೇಕು. ಅದಕ್ಕೇ ಕಡುನೀಲಿ ನೋಡಲು ದಟ್ಟವಾಗಿದ್ದರೂ ಗೋಡೆಯ ಮೇಲೆ ಮೊದಲ ಕೋಟ್‌ನಲ್ಲಿ ಹಿಂದಿನದೆಲ್ಲ ಕಾಣುತ್ತದೆ. ಗಾಢ ಬಣ್ಣ ಒಂದೇ ಕೋಟ್‌ನಲ್ಲಿ ಮುಚ್ಚುತ್ತದೆ ಎಂಬುದು ತಪ್ಪು ತಿಳಿವಳಿಕೆ. ಮೂರು ಕೋಟ್‌ಗೆ ಸಿದ್ಧರಾಗಿರಿ. ದರವೂ ತಿಳಿ ಶೇಡ್‌ಗಿಂತ ಹೆಚ್ಚು.

ದುಡ್ಡು ಉಳಿಸಲು ಬಿಳಿ ಎಮಲ್ಷನ್ ತಂದು ನೀಲಿ ಸ್ಟೇನರ್ ಬಾಟಲಿ ಸುರಿಯುವವರಿದ್ದಾರೆ. ಸ್ಟೇನರ್ ಎಂದರೆ ದಟ್ಟ ಬಣ್ಣದ ದ್ರವ. ಎಷ್ಟು ಸುರಿದರೂ ಬಿಳಿ ಪುಡಿಯಿಂದಾಗಿ ಆಕಾಶನೀಲಿಯಿಂದ ಮುಂದೆ ಹೋಗುವುದು ಕಷ್ಟ. ಮಿತಿ ಮೀರಿದರೆ ಬಣ್ಣ ಸರಿಯಾಗಿ ಒಣಗದೆ ಬಟ್ಟೆಗೆ ಅಂಟುತ್ತದೆ. ಹಿಂದೆ ಸುಣ್ಣಕ್ಕೆ ನೀಲಿ ಪುಡಿ ಬೆರೆಸುತ್ತಿದ್ದದ್ದು ಬಿಳಿಗೆ ಹೊಳಪು ಕೊಡಲು, ಆ ದಾರಿಯಿಂದಲೂ ಕಡುನೀಲಿ ಬರುವುದಿಲ್ಲ. ಡಿಸ್ಟೆಂಪರ್‌ನಲ್ಲೂ ಈ ಗಾಢತೆ ಸಿಗುವುದಿಲ್ಲ, ಒರಗಿದರೆ ಬೆನ್ನಿಗೆ ಪುಡಿ ಹತ್ತುತ್ತದೆ. ಮೆಷಿನ್‌ನಲ್ಲಿ ಬೆರೆಸಿದ, ತೊಳೆಯಬಹುದಾದ ಒಳಗೋಡೆಯ ಎಮಲ್ಷನ್ ಒಂದೇ ಸರಿಯಾದ ಆಯ್ಕೆ.

ಮ್ಯಾಟ್ ಅಥವಾ ಮಂದ ಹೊಳಪು? ಮ್ಯಾಟ್ ಎಂದರೆ ಹೊಳಪಿಲ್ಲದ್ದು. ಅದರಲ್ಲಿ ಕಡುನೀಲಿಯ ಆಳ ಚೆನ್ನಾಗಿ ತೆರೆದುಕೊಳ್ಳುತ್ತದೆ, ಗೋಡೆಯ ಏರಿಳಿತ ಸ್ವಲ್ಪ ಮರೆಯಾಗುತ್ತದೆ. ಆದರೆ ಪದೇ ಪದೇ ಒರೆಸಿದ ಜಾಗ ಹೊಳೆಯತೊಡಗುತ್ತದೆ, ಗೀರು ಬೇಗ ಬೀಳುತ್ತದೆ. ಸಾಟಿನ್ ಅಥವಾ ಸಾಫ್ಟ್ ಶೀನ್ ಎನ್ನುವ ಮಂದ ಹೊಳಪಿನದು ಒರೆಸಿದರೂ ತಾಳುತ್ತದೆ, ಆದರೆ ಪುಟ್ಟಿ ಕೆಲಸದ ಪ್ರತಿ ಅಲೆಯನ್ನೂ ತೋರಿಸುತ್ತದೆ. ಪುಟ್ಟಿ ಎಂದರೆ ಗೋಡೆ ನುಣುಪಾಗಿಸುವ ಹಿಟ್ಟಿನಂಥ ಲೇಪ. ಮಲಗುವ ಕೋಣೆಗೆ ಮ್ಯಾಟ್, ಮಕ್ಕಳಿರುವ ಹಾಲ್‌ಗೆ ಮಂದ ಹೊಳಪು. ಪೂರ್ಣ ಹೊಳಪಿನದು ಗೋಡೆಗೆ ಬೇಡವೇ ಬೇಡ.

ಎಷ್ಟು ಬೇಕು? 12 ಅಡಿ ಉದ್ದ, 10 ಅಡಿ ಎತ್ತರದ ಗೋಡೆ 120 ಚದರಡಿ. ಒಳ್ಳೆಯ ಎಮಲ್ಷನ್‌ಗಳು ಎರಡು ಕೋಟ್‌ಗೆ ಲೀಟರಿಗೆ ಸುಮಾರು 120ರಿಂದ 150 ಚದರಡಿ ಬರುತ್ತವೆ. ಮೂರು ಕೋಟ್ ಎಂದರೆ 80ರಿಂದ 100. ಹಾಗಾಗಿ ಎರಡು ಲೀಟರ್ ತನ್ನಿ, ಉಳಿದದ್ದು ಮುಂದೆ ಬೇಕಾಗುತ್ತದೆ. ಎರಡನ್ನೂ ಒಟ್ಟಿಗೇ ಬೆರೆಸಿಸಿ, ಮನೆಯಲ್ಲಿ ಒಂದೇ ಬಕೆಟ್‌ಗೆ ಸುರಿದು ಕಲಕಿಕೊಳ್ಳಿ. ಬೇರೆ ಬೇರೆ ದಿನ ಬೆರೆಸಿದ ಡಬ್ಬಗಳ ನಡುವಿನ ತೀರ ಸಣ್ಣ ವ್ಯತ್ಯಾಸವೂ ಕಡುನೀಲಿ ಗೋಡೆಯ ಮಧ್ಯದಲ್ಲಿ ಗೆರೆ ಎಳೆದಂತೆ ಕಾಣುತ್ತದೆ. ಒಮ್ಮೆ ಬೆರೆಸಿದ ಬಣ್ಣವನ್ನು ಅಂಗಡಿಯವರು ವಾಪಸು ತೆಗೆದುಕೊಳ್ಳುವುದಿಲ್ಲ.

ಪೇಂಟರ್ ಜೊತೆ ಮಾತಾಡುವಾಗ ಮೂರು ವಿಷಯ ಸ್ಪಷ್ಟ ಮಾಡಿಕೊಳ್ಳಿ: ಕೂಲಿ ಮಾತ್ರವೋ ಸಾಮಾನು ಸಮೇತವೋ, ಎಷ್ಟು ಕೋಟ್ ಪುಟ್ಟಿ, ಎಷ್ಟು ಕೋಟ್ ಬಣ್ಣ. ಮಾಮೂಲಿ ದರದಲ್ಲಿ ಬಣ್ಣ ಎರಡೇ ಕೋಟ್ ಇರುತ್ತದೆ. ಮೂರನೆಯದಕ್ಕೆ ಕೂಲಿ ಮೊದಲೇ ಮಾತಾಡದಿದ್ದರೆ ಎರಡರಲ್ಲೇ ಮುಗಿಸಿ ಹೊರಡುತ್ತಾರೆ, ಅದರಲ್ಲಿ ಅವರದೇನೂ ತಪ್ಪಿಲ್ಲ.

ಹಂತ 4: ಗೋಡೆಯ ತೇವ ನೋಡಿ

ಇದನ್ನು ದಾಟಿ ಮುಂದೆ ಹೋಗಬೇಡಿ. ತಿಳಿ ಬಣ್ಣದ ಗೋಡೆಯಲ್ಲಿ ಮರೆಯಾಗಿರುವ ಬಿಳಿ ಉಪ್ಪಿನ ಪದರ ಕಡುನೀಲಿಯ ಮೇಲೆ ಹಿಟ್ಟು ಚೆಲ್ಲಿದಂತೆ ಕಾಣುತ್ತದೆ. ಗೋಡೆಯೊಳಗಿನ ನೀರು ಇಟ್ಟಿಗೆ, ಸಿಮೆಂಟಿನ ಲವಣಗಳನ್ನು ಕರಗಿಸಿ ಹೊರತಂದು, ತಾನು ಆವಿಯಾಗಿ, ಲವಣವನ್ನು ಮೇಲೆ ಬಿಟ್ಟು ಹೋಗುವುದರಿಂದ ಹಾಗಾಗುತ್ತದೆ.

ಒಂದಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪ್ ಅಂಟಿಸಿ, ಒಂದು ದಿನ ಪೂರ್ತಿ ಬಿಡಿ. ತೆಗೆದಾಗ ಹಾಳೆಯ ಒಳಮೈಯಲ್ಲಿ ಹನಿಗಳಿದ್ದರೆ ಗೋಡೆಯೊಳಗೇ ನೀರಿದೆ. ಹೊರಮೈಯಲ್ಲಿದ್ದರೆ ಕೋಣೆಯ ಗಾಳಿಯಲ್ಲಿ ತೇವ ಹೆಚ್ಚಿದೆ. ಬಚ್ಚಲಿನ ಹಿಂಬದಿ ಗೋಡೆ, ನೆಲದಿಂದ ಎರಡಡಿ, ಸಜ್ಜದ ಕೆಳಗೆ, ಈ ಮೂರು ಕಡೆ ತಪ್ಪದೆ ಪರೀಕ್ಷಿಸಿ. ನೀರಿನ ಮೂಲ ಸರಿಪಡಿಸದೆ ಮೇಲೆ ಏನೇ ಬಳಿದರೂ ಹಣ ಪೋಲು.

ಹೊಸ ಮನೆಯಾಗಿದ್ದರೆ ಪ್ಲಾಸ್ಟರ್‌ಗೆ ನೀರು ಕಟ್ಟುವುದು ಮುಗಿದು ಕನಿಷ್ಠ ನಾಲ್ಕು ವಾರ ಕಳೆದಿರಲಿ, ಅವಸರವಿಲ್ಲದಿದ್ದರೆ ಒಂದು ಬೇಸಿಗೆ ಕಳೆಯಲಿ. ಹಸಿ ಸಿಮೆಂಟಿನ ಕ್ಷಾರ ಬಣ್ಣವನ್ನು ಕೆಡಿಸುತ್ತದೆ. 18ನೇ ಶತಮಾನದ ಆರಂಭದಲ್ಲಿ ಬರ್ಲಿನ್‌ನಲ್ಲಿ ತಯಾರಾದ ಪ್ರಶಿಯನ್ ಬ್ಲೂ ಎಂಬ ಹೆಸರಾಂತ ಕಡುನೀಲಿ ಸುಣ್ಣ, ಸಿಮೆಂಟಿನ ಕ್ಷಾರ ತಾಗಿದರೆ ಬಣ್ಣಗೆಡುತ್ತದೆ. ಇಂದು ಹೆಚ್ಚಾಗಿ ಬಳಕೆಯಲ್ಲಿರುವ, 1930ರ ದಶಕದಲ್ಲಿ ಮಾರುಕಟ್ಟೆಗೆ ಬಂದ ಥ್ಯಾಲೊ ನೀಲಿ ಕ್ಷಾರವನ್ನು ತಡೆದುಕೊಳ್ಳುತ್ತದೆ. ಆದರೂ ಬಣ್ಣವನ್ನು ಗೋಡೆಗೆ ಹಿಡಿದಿಡುವ ಅಂಟು ಹಸಿ ಗೋಡೆಯಲ್ಲಿ ಸಡಿಲವಾಗುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸ ಬೇಡ. ಗಾಢ ಬಣ್ಣದಲ್ಲಿ ಬೆರೆಸಿದ ದ್ರವದ ಪ್ರಮಾಣ ಹೆಚ್ಚಾಗಿರುವುದರಿಂದ ಥಂಡಿಯಲ್ಲಿ ನಿಧಾನವಾಗಿ ಒಣಗುವಾಗ ಅಂಟಂಟಾದ ಗೆರೆಗಳು ಇಳಿಯುತ್ತವೆ. ಹಾಗಾದರೆ ಹೆದರಬೇಡಿ, ಪೂರಾ ಒಣಗಿದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುತ್ತವೆ. ದಸರಾ ಕಳೆದ ಮೇಲೆ ಮೇವರೆಗೆ ಯಾವಾಗಲಾದರೂ ಮಾಡಿ.

ಹಂತ 5: ಪುಟ್ಟಿ ಮತ್ತು ಉಜ್ಜುವ ಕೆಲಸ

ಮೊದಲು ಅಂಗೈಯಿಂದ ಗೋಡೆ ಸವರಿ. ಬಿಳಿ ಪುಡಿ ಹತ್ತಿದರೆ ಅದು ಹಳೇ ಡಿಸ್ಟೆಂಪರ್ ಅಥವಾ ಸುಣ್ಣ. ಒದ್ದೆ ಮಾಡಿ ಬ್ಲೇಡ್‌ನಿಂದ ಪೂರ್ತಿ ಕೆರೆದು ತೆಗೆಯಲೇಬೇಕು. ಮೇಲಿನ ಮೂರು ಕೋಟ್‌ನ ಭಾರಕ್ಕೆ ಆ ಪುಡಿ ಪದರ ಕಿತ್ತು ಬಂದರೆ ಇಡೀ ಕೆಲಸ ಹಾಳೆಯಾಗಿ ಸುರುಳಿ ಸುತ್ತಿಕೊಳ್ಳುತ್ತದೆ.

ಹಳೇ ಮನೆಯಲ್ಲಿ ಎಣ್ಣೆ ಬಣ್ಣ ಇದ್ದರೆ ಒಣಗಿದ್ದನ್ನು ಹಾಗೇ ಉಜ್ಜಬೇಡಿ. ಮನೆ ಬಣ್ಣದಲ್ಲಿ ಸೀಸ ದಶಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣದ ಧೂಳಿನಲ್ಲಿ ಸೀಸ ಇರಬಹುದು, ಅದು ಮಕ್ಕಳ ಮಿದುಳಿಗೆ ಅಪಾಯ. ನೀರು ಚಿಮುಕಿಸಿ ಉಜ್ಜಿ, ಮಾಸ್ಕ್ ಹಾಕಿಕೊಳ್ಳಿ, ಗರ್ಭಿಣಿಯರು ಮತ್ತು ಮಕ್ಕಳು ಆ ದಿನ ಮನೆಯಲ್ಲಿರುವುದು ಬೇಡ. ಧೂಳನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ಬಿರುಕು, ಮೊಳೆ ತೂತುಗಳನ್ನು ತುಂಬಿ, ಇಡೀ ಗೋಡೆಗೆ ಬಿಳಿ ಸಿಮೆಂಟ್ ಆಧಾರದ ಪುಟ್ಟಿ ಎರಡು ತೆಳು ಕೋಟ್ ಎಳೆಸಿ. ಮೊದಲನೆಯದನ್ನು ಕೆಳಗಿಂದ ಮೇಲಕ್ಕೆ, ಎರಡನೆಯದನ್ನು ಅಡ್ಡಕ್ಕೆ ಎಳೆದರೆ ಬ್ಲೇಡ್ ಗೆರೆಗಳು ಒಂದರ ಮೇಲೊಂದು ಬೀಳುವುದಿಲ್ಲ. ಒಂದೇ ದಪ್ಪ ಕೋಟ್‌ನಲ್ಲಿ ಮುಗಿಸಲು ಬಿಡಬೇಡಿ, ಒಣಗುವಾಗ ಕೂದಲೆಳೆಯ ಬಿರುಕು ಬಿಡುತ್ತದೆ.

ಒಣಗಿದ ಮೇಲೆ 180 ನಂಬರಿನ ಉಜ್ಜುಕಾಗದ, ಕೊನೆಗೆ 320. ಈಗ ಈ ಇಡೀ ಕೆಲಸದ ಅತಿ ಮುಖ್ಯ ಪರೀಕ್ಷೆ. ರಾತ್ರಿ ಕೋಣೆಯ ದೀಪವೆಲ್ಲ ಆರಿಸಿ, ಒಂದು ಟಾರ್ಚನ್ನು ಗೋಡೆಗೆ ತಾಗುವಂತೆ ಒರಗಿಸಿ ಹಿಡಿಯಿರಿ. ಬೆಳಕು ಗೋಡೆಯನ್ನು ಸವರಿಕೊಂಡು ಓಡಬೇಕು. ಹಗಲಿನಲ್ಲಿ ಗಾಜಿನಂತೆ ಕಂಡ ಗೋಡೆಯಲ್ಲಿ ಆಗ ಬ್ಲೇಡ್ ನಿಂತ ಗೆರೆ, ಉಜ್ಜದೆ ಬಿಟ್ಟ ಗಂಟು, ಸ್ವಿಚ್‌ಬೋರ್ಡ್ ಸುತ್ತ ತಗ್ಗು, ಎಲ್ಲಕ್ಕೂ ಉದ್ದುದ್ದ ನೆರಳು ಬೀಳುತ್ತದೆ. ನೆರಳು ಕಂಡಲ್ಲೆಲ್ಲ ಪೆನ್ಸಿಲ್‌ನಲ್ಲಿ ಸಣ್ಣ ಸುತ್ತು ಹಾಕಿ. ಪೆನ್ನು, ಸ್ಕೆಚ್‌ಪೆನ್ ಬೇಡ, ಶಾಯಿ ಬಣ್ಣದ ಮೇಲೂ ಉಕ್ಕುತ್ತದೆ. ಬೆಳಗ್ಗೆ ಆ ಸುತ್ತುಗಳಿಗೆ ಮಾತ್ರ ಪುಟ್ಟಿ ಕೊಟ್ಟು ಮತ್ತೆ ಉಜ್ಜಿಸಿ, ಮತ್ತೊಂದು ರಾತ್ರಿ ಟಾರ್ಚ್ ಹಿಡಿಯಿರಿ. ಪೇಂಟರ್‌ಗೆ ಬೇಸರವಾಗಬಹುದು. ಅವರನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡು ತೋರಿಸಿದರೆ ಹೇಳುವ ಅಗತ್ಯವೇ ಬರುವುದಿಲ್ಲ.

ಹಂತ 6: ಪ್ರೈಮರ್, ಬೂದು ಬಣ್ಣದ್ದು

ಪ್ರೈಮರ್ ಪುಟ್ಟಿಯ ಹೀರುವಿಕೆಯನ್ನು ಸಮ ಮಾಡುವ ತಳಕೋಟ್. ಪುಟ್ಟಿಯ ಮೇಲೆ ಇದಿಲ್ಲದೆ ನೇರ ಬಣ್ಣ ಹೊಡೆದರೆ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಹೀರಿ ತೇಪೆ ಬೀಳುತ್ತದೆ.

ಅಂಗಡಿಯಲ್ಲಿ ಸಿಗುವುದು ಬಿಳಿ ಪ್ರೈಮರ್. ಬಿಳಿಯ ಮೇಲೆ ಕಡುನೀಲಿ ಮುಚ್ಚಲು ಕೋಟ್ ಹೆಚ್ಚು ಬೇಕು, ಮುಂದೆ ಗೀರು ಬಿದ್ದಾಗಲೂ ಬಿಳಿಯೇ ಇಣುಕುತ್ತದೆ. ಪರಿಹಾರ ಸುಲಭ: ನೀರಿನ ಪ್ರೈಮರ್‌ಗೆ ಕಪ್ಪು ಸ್ಟೇನರ್ ಸ್ವಲ್ಪ ಸ್ವಲ್ಪವೇ ಬೆರೆಸಿ, ಮಳೆ ಮೋಡದ ಬೂದು ಬರುವವರೆಗೆ ಕಲಕಿ. ಬಾಟಲಿಯ ಮೇಲೆ ಬರೆದ ಮಿತಿ ಮೀರಬೇಡಿ. ಚಾವಣಿಗೂ ಉಳಿದ ಗೋಡೆಗಳಿಗೂ ಬೇರೆ ಬಿಳಿ ಪ್ರೈಮರ್ ತೆಗೆದಿಟ್ಟ ಮೇಲೆಯೇ ಬೆರೆಸಿ. ಒಂದು ಕೋಟ್ ಹೊಡೆದು, ಒಂದು ರಾತ್ರಿ ಬಿಟ್ಟು, 320ರ ಕಾಗದದಿಂದ ಹಗುರವಾಗಿ ಸವರಿ ಧೂಳು ಒರೆಸಿ.

ಹಂತ 7: ಬಣ್ಣ ಬಳಿಯುವ ದಿನ

ಚಾವಣಿ ಮತ್ತು ಪಕ್ಕದ ಗೋಡೆಗಳ ತಿಳಿ ಬಣ್ಣ ಮೊದಲು ಮುಗಿದು ಎರಡು ದಿನ ಒಣಗಿರಲಿ. ಸ್ವಿಚ್ ಪ್ಲೇಟ್‌ಗಳನ್ನು, ಮೇನ್ ಆರಿಸಿ, ಬಿಚ್ಚಿಡಿ. ನೆಲ ಮುಚ್ಚಿ. ಕಡುನೀಲಿ ಹನಿ ಒಣಗಿದರೆ ಟೈಲ್ಸ್ ಸಂದಿಯಿಂದ ತೆಗೆಯುವುದು ಬಹಳ ಕಷ್ಟ.

ಅಂಚು ನೇರವಾಗಿರುವುದೇ ಈ ಗೋಡೆಯ ಮರ್ಯಾದೆ. ಮೂಲೆಗಳಿಗೆ ಮಾಸ್ಕಿಂಗ್ ಟೇಪ್ ಹಚ್ಚಿ ಅಂಚನ್ನು ಬೆರಳಿನಿಂದ ಒತ್ತಿ. ನಂತರ ಟೇಪ್‌ನ ಅಂಚಿನ ಮೇಲೆ ಪಕ್ಕದ ಗೋಡೆಯ ತಿಳಿ ಬಣ್ಣವನ್ನೇ ತೆಳುವಾಗಿ ಒಮ್ಮೆ ಸವರಿ. ಸಂದಿಯಲ್ಲಿ ನುಸುಳುವುದೇನಿದ್ದರೂ ಆ ತಿಳಿ ಬಣ್ಣವೇ ನುಸುಳಿ ಮುಚ್ಚಿಕೊಳ್ಳುತ್ತದೆ, ಅದರ ಮೇಲೆ ಬರುವ ನೀಲಿಗೆ ದಾರಿ ಇರುವುದಿಲ್ಲ. ಅದು ಒಣಗಿದ ಮೇಲೆ ನೀಲಿ ಶುರು ಮಾಡಿ.

ಡಬ್ಬದ ಮೇಲೆ ಹೇಳಿದಷ್ಟೇ ನೀರು ಬೆರೆಸಿ, ಅಳತೆ ಮಗ್‌ನಲ್ಲಿ. ಕಣ್ಣಂದಾಜಿನಲ್ಲಿ ಸುರಿದ ನೀರು ಕಡುನೀಲಿಯನ್ನು ಮೊದಲು ಕೆಡಿಸುತ್ತದೆ. ಫ್ಯಾನ್ ಆರಿಸಿ, ನೇರ ಬಿಸಿಲು ಬೀಳುತ್ತಿದ್ದರೆ ಪರದೆ ಎಳೆಯಿರಿ. ಬಣ್ಣ ಬೇಗ ಒಣಗಿದರೆ ರೋಲರ್ ಗೆರೆ ನಿಲ್ಲುತ್ತದೆ. ಆದರೆ ಕೋಟ್ ಮುಗಿದ ಮೇಲೆ ಕಿಟಕಿ ತೆರೆದಿಡಿ.

ಇಬ್ಬರು ಕೈ ಹಾಕಿದರೆ ಒಳ್ಳೆಯದು. ಒಬ್ಬರು ಎರಡಿಂಚು ಬ್ರಷ್‌ನಲ್ಲಿ ಅಂಚು ಕಟ್ಟುತ್ತ ಹೋದಂತೆ, ಇನ್ನೊಬ್ಬರು ಅದು ಹಸಿ ಇರುವಾಗಲೇ ಒಂಬತ್ತಿಂಚು ರೋಲರ್ ಅನ್ನು ಅಂಚಿಗೆ ಆದಷ್ಟು ಹತ್ತಿರ ಓಡಿಸಬೇಕು. ನಾಲ್ಕೂ ಅಂಚು ಕಟ್ಟಿ, ಚಹಾ ಕುಡಿದು ಬಂದು ಮಧ್ಯ ತುಂಬಿದರೆ ಗೋಡೆಯ ಸುತ್ತ ಫೋಟೊ ಚೌಕಟ್ಟಿನಂತೆ ಗಾಢ ಪಟ್ಟಿ ಉಳಿಯುತ್ತದೆ. “ಪಟ್ಟೆ ಪಟ್ಟೆ” ಎಂಬ ದೂರಿನ ದೊಡ್ಡ ಕಾರಣ ಇದೇ. ಮೂರಡಿ ಅಗಲದ ಭಾಗ ತೆಗೆದುಕೊಂಡು, ಮೇಲಿಂದ ಕೆಳಗೆ ತುಂಬಿ, ಕೊನೆಗೆ ರೋಲರ್‌ಗೆ ಬಣ್ಣ ಅದ್ದದೆ, ಒತ್ತದೆ, ಒಂದೇ ದಿಕ್ಕಿನಲ್ಲಿ ಎಳೆದು ಬಿಡಿ. ಮುಂದಿನ ಭಾಗ ಹಸಿ ಅಂಚಿನ ಮೇಲೇ ಶುರುವಾಗಲಿ. ಗೋಡೆಯ ನಡುವೆ ಕೆಲಸ ನಿಲ್ಲಿಸಬೇಡಿ.

ಮೊದಲ ಕೋಟ್ ನೋಡಿ ಗಾಬರಿಯಾಗುವುದು ಸಹಜ. ಮೋಡ ಕವಿದಂತೆ ಅಲ್ಲಲ್ಲಿ ಬೂದು ಇಣುಕುತ್ತಿರುತ್ತದೆ, ಹಸಿಯಾಗಿದ್ದಾಗ ಶೇಡ್ ಕೂಡ ತಿಳಿಯಾಗಿರುತ್ತದೆ. ಕಲೆ ಕಂಡಲ್ಲೆಲ್ಲ ಮತ್ತೆ ಬ್ರಷ್ ಹಾಕಿ ತಿದ್ದಲು ಹೋಗಬೇಡಿ. ಅರೆ ಒಣಗಿದ ಬಣ್ಣ ಎದ್ದು ಬರುತ್ತದೆ. ಕನಿಷ್ಠ ನಾಲ್ಕು ಗಂಟೆ, ಥಂಡಿ ಇದ್ದರೆ ಒಂದು ರಾತ್ರಿ ಬಿಟ್ಟು ಎರಡನೆಯದು. ಮರುದಿನ ಹಗಲು ಬೆಳಕಿನಲ್ಲಿ ನೋಡಿ ಮೂರನೆಯದು. ಕೊನೆಯ ಕೋಟ್ ಇನ್ನೂ ಸ್ವಲ್ಪ ಹಸಿ ಇರುವಾಗಲೇ ಟೇಪನ್ನು ಓರೆಯಾಗಿ, ನಿಧಾನವಾಗಿ ಎಳೆಯಿರಿ. ಪೂರಾ ಒಣಗಿದ ಮೇಲೆ ಎಳೆದರೆ ಬಣ್ಣದ ಅಂಚೂ ಹರಿದು ಬರುತ್ತದೆ.

ಹಂತ 8: ಗೋಡೆಗೆ ಜೊತೆಯಾಗುವವು

ಕಡುನೀಲಿಯ ಮೇಲೆ ಬಿಳಿ ಸ್ವಿಚ್ ಪ್ಲೇಟ್, ವೈರ್ ಮುಚ್ಚುವ ಬಿಳಿ ಕೇಸಿಂಗ್ ಪಟ್ಟಿ, ಇಂಟರ್ನೆಟ್ ವೈರ್ ದೂರದಿಂದಲೇ ಕಣ್ಣಿಗೆ ಚುಚ್ಚುತ್ತವೆ. ಆ ಗೋಡೆಗೆ ಮಾತ್ರ ಬೂದು ಅಥವಾ ಕಪ್ಪು ಪ್ಲೇಟ್ ಹಾಕಿಸಿ, ಕೇಸಿಂಗ್‌ಗೆ ಗೋಡೆಯ ಬಣ್ಣವನ್ನೇ ಬಳಿಯಿರಿ. ಚಾವಣಿಯ ದೀಪ ಗೋಡೆಗೆ ತೀರ ಹತ್ತಿರ ಬೇಡ. ಟಾರ್ಚ್ ಮಾಡಿದ ಕೆಲಸವನ್ನೇ ಅದು ಪ್ರತಿ ರಾತ್ರಿ ಮಾಡುತ್ತದೆ. ಎರಡಡಿ ದೂರವಿದ್ದರೆ ಸಾಕು.

ತೇಗ, ಹೊನ್ನೆ, ಬೆತ್ತದ ಕುರ್ಚಿ, ಹಿತ್ತಾಳೆ ದೀಪ, ಚನ್ನಪಟ್ಟಣದ ಹಳದಿ ಕೆಂಪು ಆಟಿಕೆಗಳು ಈ ಗೋಡೆಯ ಮುಂದೆ ತಾವಾಗಿಯೇ ಬೆಳಗುತ್ತವೆ. ಚಿನ್ನದ ರೇಕಿನ ಮೈಸೂರು ಚಿತ್ರಕ್ಕೆ ಇದಕ್ಕಿಂತ ಒಳ್ಳೆಯ ಹಿನ್ನೆಲೆ ನನಗೆ ಗೊತ್ತಿಲ್ಲ. ಆದರೆ ಕಪ್ಪು ಮೈಯ ಬಿದರಿ ಹೂಜಿಯನ್ನು ಇಲ್ಲಿ ಇಡಬೇಡಿ. ಹೂಜಿಯ ಆಕಾರವೇ ಕಳೆದುಹೋಗಿ ಬೆಳ್ಳಿಯ ಕುಸುರಿಯಷ್ಟೇ ತೇಲುತ್ತದೆ, ಅಷ್ಟು ಶ್ರಮದ ಕೆಲಸಕ್ಕೆ ತಿಳಿ ಗೋಡೆಯೇ ನ್ಯಾಯ. ಬೀಟೆಯ ಕಪ್ಪು ಮರದ ಕಪಾಟಿಗೂ ಅದೇ ಮಾತು.

ಚಿತ್ರ ತೂಗುಹಾಕಲು ಡ್ರಿಲ್ ಮಾಡುವಾಗ ತೂತಿನ ಕೆಳಗೆ ಕಾಗದದ ಲಕೋಟೆಯೊಂದನ್ನು ಬಾಯಿ ತೆರೆದು ಟೇಪ್‌ನಿಂದ ಅಂಟಿಸಿ. ಬಿಳಿ ಪುಡಿ ಅದರೊಳಗೆ ಬೀಳುತ್ತದೆ, ಗೋಡೆಗೆ ಮೆತ್ತುವುದಿಲ್ಲ.

ನೋಡಿಕೊಳ್ಳುವುದು, ಬೇಡವಾದಾಗ ಬದಲಿಸುವುದು

ಬಣ್ಣ ಮುಟ್ಟಿದರೆ ಒಂದೇ ದಿನಕ್ಕೆ ಒಣಗಿದಂತಿದ್ದರೂ ಪೂರ್ತಿ ಗಟ್ಟಿಯಾಗಲು ಮೂರು ನಾಲ್ಕು ವಾರ ಬೇಕು. ಅಲ್ಲಿಯವರೆಗೆ ಒರೆಸಬೇಡಿ, ಮಂಚ ಸೋಫಾ ತಾಗಿಸಬೇಡಿ. ಆಮೇಲೂ ಜೇಡರ ಬಲೆಗೆ ಕಡ್ಡಿಪೊರಕೆ ಬೇಡ, ಪ್ರತಿ ಕಡ್ಡಿಯೂ ಒಂದೊಂದು ಬಿಳಿ ಗೆರೆ ಎಳೆಯುತ್ತದೆ. ಕೋಲಿಗೆ ಮೆತ್ತನೆ ಬಟ್ಟೆ ಸುತ್ತಿ ತೆಗೆಯಿರಿ. ಧೂಳು ಹೆಚ್ಚಿರುವ ಊರುಗಳಲ್ಲಿ, ರಸ್ತೆ ಬದಿಯ ಮನೆಗಳಲ್ಲಿ ಹದಿನೈದು ದಿನಕ್ಕೊಮ್ಮೆಯಾದರೂ ಒಣಬಟ್ಟೆ ಆಡಿಸಬೇಕಾಗುತ್ತದೆ. ಇದಕ್ಕೆ ಸಮಯವಿಲ್ಲ ಎನ್ನುವವರು ಬೂದು ಬೆರೆತ ನೀಲಿಗೆ ಹೋಗುವುದೇ ಲೇಸು.

ಗೀರು ಬಿದ್ದರೆ ಅಷ್ಟಕ್ಕೇ ಬಣ್ಣ ತಾಗಿಸಿದರೆ ತೇಪೆ ಕಾಣುತ್ತದೆ, ಮ್ಯಾಟ್‌ನಲ್ಲಂತೂ ಖಂಡಿತ. ಕೂದಲೆಳೆಯಂಥ ಗೀರಿಗೆ ತೆಳು ಕುಂಚದ ತುದಿಯಲ್ಲಿ ಗೀರಿನೊಳಗಷ್ಟೇ ತುಂಬಿ. ಅದಕ್ಕಿಂತ ದೊಡ್ಡದಾದರೆ ಮೂಲೆಯಿಂದ ಮೂಲೆಗೆ ಇಡೀ ಗೋಡೆಗೆ ಒಂದು ಕೋಟ್ ಹೊಡೆಯುವುದೇ ಸರಿ. ಉಳಿಸಿಕೊಂಡ ಬಣ್ಣ ಆಗ ಕೆಲಸಕ್ಕೆ ಬರುತ್ತದೆ. ಅದನ್ನು ಅಂಚಿನವರೆಗೆ ತುಂಬುವಷ್ಟು ಚಿಕ್ಕ ಡಬ್ಬಿಗೆ ಸುರಿದು, ಬಿಗಿಯಾಗಿ ಮುಚ್ಚಿ, ಬಿಸಿಲು ತಾಗದ ಕಡೆ ಇಡಿ. ನೀರು ಬೆರೆಸಿದ ಬಣ್ಣ ಕೆಡುತ್ತದೆ, ಆದ್ದರಿಂದ ಬೆರೆಸುವ ಮೊದಲೇ ಸ್ವಲ್ಪ ತೆಗೆದಿಡಬೇಕು.

ಮುಂದೊಂದು ದಿನ ನೀಲಿ ಸಾಕೆನಿಸಿದರೆ ನೇರ ಬಿಳಿ ಎಮಲ್ಷನ್ ಹೊಡೆಯಬೇಡಿ. ಮೂರು ಕೋಟ್ ಆದರೂ ನೀಲಿ ಛಾಯೆ ಉಳಿಯಬಹುದು. 180ರ ಕಾಗದದಿಂದ ಉಜ್ಜಿ, ಬಿಳಿ ಪ್ರೈಮರ್ ಎರಡು ಕೋಟ್ ಕೊಟ್ಟು, ನಂತರ ಎರಡು ಕೋಟ್ ಬಣ್ಣ. ಮುಂದೆ ಇದೇ ನೀಲಿ ಮತ್ತೆ ಬೇಕಾದರೆ ಶೇಡ್ ಹೆಸರೊಂದೇ ಸಾಲದು. ಡಬ್ಬದ ಮುಚ್ಚಳಕ್ಕೆ ಅಂಗಡಿಯವರು ಅಂಟಿಸುವ ಚೀಟಿಯಲ್ಲಿ ಶೇಡ್ ಕೋಡ್, ಬೇಸ್ ಮತ್ತು ಬೆರೆಸಿದ ದಿನ ಇರುತ್ತದೆ. ಅದರ ಫೋಟೊ ತೆಗೆದಿಟ್ಟುಕೊಳ್ಳಿ. ಚೀಟಿಯ ಅಕ್ಷರ ಬೇಗ ಮಾಸುತ್ತದೆ, ಡಬ್ಬ ತಂದ ದಿನವೇ ತೆಗೆಯಿರಿ.